ಸಿಲಿಂಡರ್ ಒರೆಸಿದ ಬಟ್ಟೆ

ಕಾಕಾ ಗಾಡಿಯ ಕಿಕ್ಕರ್ ಮೇಲೆ ಕಾಲಿಟ್ಟು ನಿಂತ. ಅದು ಕದಲಲಿಲ್ಲ. ಮೈಭಾರವೆಲ್ಲ ಹಾಕಿ ಎರಡು ಸಲ ಕುಪ್ಪಳಿಸಿದ. ಆಗಲೂ ಇದ್ದಲ್ಲೇ ಇತ್ತು.

"ನೋಡು ಅಣ್ಣಾ, ಇದು ಗಾಡಿ ಅಲ್ಲ, ಪಾವಟಿಗಿ. ಪಾವಟಿಗಿ ಕಟ್ಕೊಂಡು ಎಲ್ಲಿಗೆ ಹತ್ತಾಂವ ನೀ?" ಎಂದು ಮೆಟ್ಟಿಲ ಮೇಲೆ ನಿಂತವನ ಹಾಗೆ ನಿಂತೇ ಅಪ್ಪನನ್ನು ಕೇಳಿದ.

ಒಂದೇ ಸಿಲಿಂಡರಿನ, ಎರಡು ಸೈಲೆನ್ಸರಿನ, ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಹಳೆಯ ಮೋಟಾರ್ ಸೈಕಲ್ ಅದು. ಕಾಗದದಲ್ಲಿ ಅಜ್ಜನ ಹೆಸರಿತ್ತು, ಓಡಿಸಿದ್ದು ಅಪ್ಪ. ಇಳಕಲ್ಲಿನ ಆಚೆಯ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲಿಗೆ ರಂಧ್ರ ಕೊರೆಯುವ ಕೆಲಸಕ್ಕೆ ಹದಿನೇಳು ವರ್ಷ ಅದರ ಮೇಲೆ ಹೋಗಿ ಬಂದ. ಧೂಳು ಎದೆಯಲ್ಲಿ ಕೂತಿದೆ ಎಂದು ದವಾಖಾನೆಯವರು ಕೆಲಸ ಬಿಡಿಸಿದ ದಿನ ಅದನ್ನು ಅವ್ವನ ಮಗ್ಗದ ಕೋಣೆಯ ಪಕ್ಕ, ತಗಡಿನ ಕೆಳಗೆ ನಿಲ್ಲಿಸಿದ. ಹನ್ನೊಂದು ವರ್ಷ ಅಲ್ಲೇ ನಿಂತಿತ್ತು. ಅಜ್ಜ ತೀರಿಕೊಂಡ ಮೇಲೆ ಪಾಲಿನ ಮಾತು ಬಂದಾಗ, ಬಾದಾಮಿಯಲ್ಲಿರುವ ಕಾಕಾ ಒಂದೊಂದನ್ನೂ ಹೆಸರು ಹೇಳಿ ಕೇಳಿ ತೆಗೆದುಕೊಂಡ. ಅಪ್ಪ ಕೇಳಿದ್ದು ಗಾಡಿ ಒಂದನ್ನೇ. ಅದಕ್ಕೂ ಕಾಕಾ ಹುಬ್ಬಳ್ಳಿಯಲ್ಲಿ ಹಳೆಯ ಗಾಡಿ ಸಂಗ್ರಹಿಸುವ ಒಬ್ಬರನ್ನು ಗಿರಾಕಿಯಾಗಿ ನೋಡಿಟ್ಟಿದ್ದ.

"ನಾ ಓಡಸ್ತೇನಿ," ಎಂದೆ.

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀನಾ? ಭಾಳ ಚಲೋ ಆತು. ಆರನೇ ಐತವಾರ ಅವರು ಬರ್ತಾರ. ಅವತ್ತು ಇದನ್ನ ಓಡಿಸ್ಕೊಂತ ಬಂದು ಬದಾಮ್ಯಾಗ ನನ್ನ ಮನಿ ಮುಂದ ನಿಲ್ಲಸು. ಟೆಂಪೋದಾಗ ಹಾಕ್ಕೊಂಡು ಅಲ್ಲ ಮತ್ತ. ನಿಲ್ಲಿಸಿದಿ ಅಂದ್ರ ಗಾಡಿ ನಿಮ್ಮಪ್ಪಂದು. ಇಲ್ಲಾಂದ್ರ ಅವರದು."

ಅಪ್ಪನಿಗೆ ಕೆಮ್ಮು ಬಂತು. ಕೆಮ್ಮು ಮುಗಿಯುವ ತನಕ ಗೋಡೆ ಹಿಡಿದು ನಿಂತಿದ್ದ.

ನಾನು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಚಪ್ಪಡಿ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಚಪ್ಪಡಿಯ ಮೇಲೆ ನೀರು ಹೊಡೆದು, ಒರೆಸಿ, ಬೆಳಕಿಗೆ ಓರೆಯಾಗಿ ನೋಡಿ, ಎಲ್ಲಿ ಗೆರೆ, ಎಲ್ಲಿ ಬಿರುಕು ಎಂದು ಬರೆದು ಪಾಸು ಮಾಡುವುದು ಅಥವಾ ಬದಿಗೆ ಹಾಕುವುದು. ಆ ರೂಢಿಯಲ್ಲೇ ಇದಕ್ಕೂ ಒಂದು ನೋಟ್‌ಬುಕ್ ತೆಗೆದೆ. ಮರುದಿನ ಸೋಮವಾರ. ಅದನ್ನು ಒಂದನೇ ದಿನ ಎಂದು ಬರೆದೆ. ಕಾಕಾ ಹೇಳಿದ ಭಾನುವಾರ ನಲವತ್ತೆರಡನೇ ದಿನ.

ಮೊದಲ ದಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಡೀಸೆಲ್ ಮತ್ತು ಗೇರ್ ಆಯಿಲ್ ಸಮಸಮ ಬೆರೆಸಿ ಒಳಗೆ ಬಿಟ್ಟೆವು. ಅಳತೆಗೆ ಅಪ್ಪನ ಕೆಮ್ಮಿನ ಔಷಧಿಯ ಮುಚ್ಚಳ: ಹತ್ತು ಮುಚ್ಚಳ, ನೂರು ಮಿಲಿ. ಕಿಕ್ಕರ್ ಮುಟ್ಟುವಂತಿಲ್ಲ ಎಂದು ಅಪ್ಪ ಖಡಕ್ಕಾಗಿ ಹೇಳಿದ್ದ. "ಒದ್ರ ಕನೆಕ್ಟಿಂಗ್ ರಾಡ್ ಬಾಗ್ತೈತಿ. ಅದನ್ನ ನೆನಸು, ಅಲುಗಾಡಸು, ಬಿಡು. ಮತ್ತ ನೆನಸು." ಗಾಡಿಯನ್ನು ಮೂರನೇ ಗೇರಿಗೆ ಹಾಕಿ, ಮುಂಜಾನೆ ಹತ್ತು ಸಲ, ಸಂಜೆ ಹತ್ತು ಸಲ ಹಿಂದಿನ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ದೂಡಿದೆ. ಏಳು ದಿನ ಏನೂ ಆಗಲಿಲ್ಲ. ಎಂಟನೇ ದಿನ ಒಳಗಿನ ಡೀಸೆಲ್ ಅರ್ಧಕ್ಕೆ ಇಳಿದಿತ್ತು, ಅಂದರೆ ಪಿಸ್ಟನ್ ಪಕ್ಕದ ತುಕ್ಕು ಅದನ್ನು ಕುಡಿಯತೊಡಗಿತ್ತು. ಹನ್ನೊಂದನೇ ದಿನ ಗಾಲಿ ಒಂದು ಬೆರಳಿನಗಲ ತಿರುಗಿತು. ಹನ್ನೆರಡನೇ ದಿನ ಸಿಲಿಂಡರಿನ ಮೇಲ್ಮುಚ್ಚಳ, ಹೆಡ್, ಬಿಚ್ಚಿದೆವು. ಹದಿಮೂರನೇ ದಿನ ಸಿಲಿಂಡರಿನ ಹೊರಮೈಗೆ ಕುದಿಯುವ ನೀರು ಹೊಯ್ದು, ಒಳಗೆ ಜಾಲಿ ಕಟ್ಟಿಗೆಯ ತುಂಡಿಟ್ಟು ಸುತ್ತಿಗೆಯಿಂದ ಹಗುರಕ್ಕೆ ಬಡಿದೆ. ಅಪ್ಪ ಕುರ್ಚಿಯಲ್ಲಿ ಕೂತು ಪೆಟ್ಟು ಎಣಿಸುತ್ತಿದ್ದ. ಅರವತ್ತೆರಡನೆಯದಕ್ಕೆ ಪಿಸ್ಟನ್ ಬಿಟ್ಟಿತು.

ಅವ್ವ ಮಗ್ಗದ ಗುಂಡಿಯಿಂದಲೇ ಕೂಗಿದಳು. "ಹದಿಮೂರು ದಿನದಾಗ ನಾ ಎರಡು ಸೀರಿ ಇಳಿಸೀನಿ. ಅಪ್ಪಾ ಮಗಳು ಕೂಡಿ ಒಂದು ಕೊಳವಿ ಕಿತ್ತೀರಿ!"

ಅಪ್ಪ ನಕ್ಕ. ನಗು ಕೆಮ್ಮಾಯಿತು. ಆದರೂ ನಕ್ಕಿದ್ದ ಎಂದು ಬರೆದುಕೊಂಡೆ.

ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಒಂದು ಬಳೆಯೇ ಕೂತಿತ್ತು. ಪಿಸ್ಟನ್ನಿನ ಎರಡೂ ರಿಂಗ್ ತಮ್ಮ ತೋಡಿನಲ್ಲೇ ಅಂಟಿದ್ದವು, ಪಿಸ್ಟನ್ನಿನ ಅಂಚು ಸೀಳಿತ್ತು. ಸಿಲಿಂಡರನ್ನು ಕೊರೆದು ಅಗಲ ಮಾಡಿ, ಅದಕ್ಕೆ ಹೊಂದುವ ದೊಡ್ಡ ಪಿಸ್ಟನ್ ಹಾಕದೆ ಬೇರೆ ದಾರಿಯಿರಲಿಲ್ಲ. ಸಿಲಿಂಡರನ್ನೂ ಸೀಳಿದ ಪಿಸ್ಟನ್ನನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಹುನಗುಂದಕ್ಕೆ ಹೋದೆ. ಅಲ್ಲಿ ಲೇತ್ ಇಟ್ಟ ಒಬ್ಬ ಚಾಚಾ ಇದ್ದಾರೆ. ಅಪ್ಪನಿಗೆ ಕ್ವಾರಿಯ ಕಾಲದಿಂದ ಗುರುತು. ಅವರು ಎರಡು ಬೆರಳು ಒಳಗೆ ಹಾಕಿ ಒಂದು ಸುತ್ತು ತಿರುಗಿಸಿದರು.

"ಅರ್ಧ ಎಂಎಂ ತಗದ್ರ ಬಿಳೇ ಆಗ್ತೈತಿ. ಹೊಸಾ ಪಿಸ್ಟನ್ ಎಲ್ಲೈತಿ?"

"ನೀವು ಮೊದಲ ಕೊರದಿಡ್ರಿ ಚಾಚಾ. ನಾ ಆಮ್ಯಾಲ ತರ್ತೇನಿ."

"ಕಾಲು ನೋಡದ ಚಪ್ಪಲಿ ಹೊಲೀಬೇಕೇನ? ಮೊದಲ ಪಿಸ್ಟನ್ ತಾ, ಅದನ್ನ ಅಳದು ಕೊರೀತೇನಿ. ಡಬ್ಬಿ ಮ್ಯಾಲಿನ ನಂಬರ ನಾ ನಂಬಂಗಿಲ್ಲ ತಂಗಿ."

ಪಿಸ್ಟನ್ ಹುಡುಕಲು ಬಾಗಲಕೋಟೆಗೆ ಮೂರು ಸಲ ಹೋದೆ. ಮೊದಲ ಸಲ ಅಂಗಡಿಯವ ನಾಳೆ ಎಂದ. ಎರಡನೆಯ ಸಲ ಕೊಟ್ಟ ಪಿಸ್ಟನ್ನಿನ ಪಿನ್ ರಂಧ್ರ ಬೇರೆ ಮಾದರಿಯದು. ಇಪ್ಪತ್ತೊಂಬತ್ತನೇ ದಿನ ಸರಿಯಾದದ್ದು ಸಿಕ್ಕಿತು. ಅಷ್ಟರಲ್ಲಿ ಚಾಚಾ, ನಾನು ಒಯ್ದು ಕೊಟ್ಟಿದ್ದ, ಪಿಸ್ಟನ್ನಿನ ಕೆಳಗೆ ತಿರುಗುವ ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಒತ್ತಿ ಬಿಡಿಸಿ, ಹೊಸ ರಾಡ್ ಕೂರಿಸಿ, ಓರೆ ಅಳೆಯುವ ಡಯಲ್ ಗೇಜಿನ ಮುಳ್ಳು ನಡುಗದ ಹಾಗೆ ಸರಿ ಮಾಡಿದ್ದರು. ಕೆಳಗಿನ ಭಾಗವನ್ನೆಲ್ಲ ನಾನು ಅಪ್ಪ ಮನೆಯಲ್ಲಿ ಜೋಡಿಸಿಟ್ಟೆವು. ಆಮೇಲೆ ಹುನಗುಂದದಲ್ಲಿ ಕರೆಂಟು ಸರಿ ಇರದೆ ಕೊರೆಯುವ ಕೆಲಸ ಒಂದು ವಾರ ತಡವಾಯಿತು.

ಮೂವತ್ತೊಂಬತ್ತನೇ ದಿನ, ಗುರುವಾರ, ಚಾಚಾ ಕರೆದರು. ಸಿಲಿಂಡರ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಕೂದಲೆಳಿಯಷ್ಟು ಬಿಟ್ಟೀನಿ. ಅದನ್ನ ಹೋನಿಂಗ್ ಕಲ್ಲಿಲೆ ತಗೀಬೇಕು," ಎಂದರು. ಹೋನಿಂಗ್ ಎಂದರೆ ಒಳಗೋಡೆಗೆ ಸಣ್ಣ ಅಡ್ಡಗೆರೆ ಎಳೆಯುವುದು. ಎಣ್ಣೆ ನಿಲ್ಲುವುದು ಆ ಗೆರೆಗಳಲ್ಲೇ. "ನನ್ನ ಕಲ್ಲು ಸವದಾವು. ಬಾಗಲಕೋಟಿಂದ ಸೋಮವಾರ ಬರ್ತಾವ."

"ಸೋಮವಾರ ಅಂದ್ರ ನಲವತ್ಮೂರನೇ ದಿನ ಚಾಚಾ. ನನಗ ಐತವಾರ ಬೇಕು."

"ಕಬ್ಬಿಣಕ್ಕ ಐತವಾರ ಸೋಮವಾರ ಗೊತ್ತಾಗಂಗಿಲ್ಲ."

ಬಸ್‌ಸ್ಟ್ಯಾಂಡಿನಿಂದ ಕಾಕಾಗೆ ಫೋನು ಮಾಡಿ ಎರಡು ದಿನ ಹೆಚ್ಚಿಗೆ ಕೇಳಿದೆ. "ನಾ ಅವರಿಗೆ ಮಾತು ಕೊಟ್ಟೀನಿ. ಐತವಾರ ಅಂದ್ರ ಐತವಾರ," ಎಂದು ಇಟ್ಟ. ತಿರುಗಿ ಲೇತಿಗೆ ಬಂದು ಸಿಲಿಂಡರ್ ಕೊಡಿ ಎಂದೆ.

"ಹಿಂಗ ಜೋಡಸಬ್ಯಾಡ ಮತ್ತ."

"ಇಲ್ರಿ. ಅಪ್ಪಗ ತೋರಿಸಿ ಸೋಮವಾರ ತರ್ತೇನಿ."

ಬಸ್ಸಿನಲ್ಲಿ ಕೂತಾಗ ಏನು ಮಾಡಬೇಕೆಂದು ನನಗೆ ಆಗಲೇ ಗೊತ್ತಿತ್ತು.

ನಮ್ಮ ಕಾರ್ಖಾನೆಯಲ್ಲಿ ಚಪ್ಪಡಿಯ ಅಂಚನ್ನು ಕೈಯಿಂದ ಉಜ್ಜಲು ನಂಬರಿನ ಪುಡಿ ಇರುತ್ತದೆ. ಗ್ರಾನೈಟನ್ನೇ ತಿನ್ನುವ ಪುಡಿ. ಯಾವ ನಂಬರು ಎಂಥ ಗೆರೆ ಬಿಡುತ್ತದೆ ಎಂದು ಇಳಕಲ್ಲಿನಲ್ಲಿ ಆ ಕೆಲಸ ಮಾಡಿದ ಯಾರಿಗಾದರೂ ಕಣ್ಣು ಮುಚ್ಚಿದರೂ ಗೊತ್ತು. ನಲವತ್ತನೇ ದಿನ, ಶುಕ್ರವಾರ, ಇನ್ನೂರಿಪ್ಪತ್ತರ ಪುಡಿ ಒಂದು ಹಿಡಿ ಊಟದ ಡಬ್ಬಿಯಲ್ಲಿ ತಂದೆ. ಮಗ್ಗದ ಮುರಿದ ಉರುಳೆಯ ತುಂಡಿಗೆ ಕಂಬಳಿ ಸುತ್ತಿ, ಎಣ್ಣೆಯಲ್ಲಿ ಕಲಸಿದ ಪುಡಿ ಹಚ್ಚಿ, ಡ್ರಿಲ್ಲಿಗೆ ಸಿಕ್ಕಿಸಿದೆ. ನಿಧಾನ ತಿರುಗಿಸುತ್ತ ಮೇಲೆ ಕೆಳಗೆ ಹನ್ನೆರಡು ಎಳೆತ, ಒರೆಸಿ ಅಳತೆ, ಮತ್ತೆ ಹನ್ನೆರಡು. ಒಟ್ಟು ತೊಂಬತ್ತಾರು. ಅಡ್ಡಗೆರೆಗಳು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದವು. ಎಣ್ಣೆ ಸವರಿದ ಪಿಸ್ಟನ್ ಒಳಗಿಟ್ಟರೆ ತನ್ನ ಭಾರಕ್ಕೇ ಮೆಲ್ಲಗೆ ಇಳಿಯಿತು. ನನಗೆ ಬಹಳ ಹೆಮ್ಮೆಯಾಯಿತು.

ಅಪ್ಪ ಒಳಗಿನಿಂದ ಬಂದು ಡಬ್ಬಿ ನೋಡಿದ. "ಆ ಪುಡಿ ಎಲ್ಲಿದು?"

"ಫ್ಯಾಕ್ಟರಿದು."

ಅಪ್ಪ ಸಿಲಿಂಡರಿನೊಳಗೆ ಬೆರಳಾಡಿಸಿದ. "ಮಾಡಿದ್ದು ಮಾಡೀದಿ. ಈಗ ಬಿಸಿನೀರು ಹಾಕಿ, ಅರಬಿ ತೊಳ್ಯೂ ಸೋಪು ಹಚ್ಚಿ ತಿಕ್ಕು. ಬಿಳೇ ಬಟ್ಟಿಲೆ ಒರಸು. ಬಟ್ಟಿ ಬಿಳೇದಾಗೇ ಹೊರಗ ಬರೂತನಕ ತೊಳಿ. ಪೆಟ್ರೋಲಿಗೆ ಎಣ್ಣಿ ಹೋಗ್ತೈತಿ, ಕಲ್ಲಿನ ಪುಡಿ ಹೋಗಂಗಿಲ್ಲ." ಉಸಿರು ತೆಗೆದುಕೊಂಡು ಮತ್ತೆ ಹೇಳಿದ, "ಒಳಗ ಕುಂತ್ರ ಅದು ಏಳಂಗಿಲ್ಲ ಯವ್ವಾ."

ಆಮೇಲೆ ಮಲಗಲು ಒಳಗೆ ಹೋದ.

ನನಗೆ ನೀರೆಂದರೆ ಭಯವಿತ್ತು. ಹದಿಮೂರು ದಿನ ತುಕ್ಕಿನ ಜೊತೆ ಗುದ್ದಾಡಿದ್ದೆ. ಹೊಸದಾಗಿ ಕೊರೆದ ಕಬ್ಬಿಣಕ್ಕೆ ನೀರು ತಾಗಿದರೆ ತಾಸಿನೊಳಗೆ ಕೆಂಪೇರುತ್ತದೆ ಎಂದು ಚಾಚಾರ ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದೆ. ತೊಳೆದ ಕೂಡಲೇ ಒಣಗಿಸಿ ಎಣ್ಣೆ ಸವರಿದರೆ ಮುಗಿಯಿತು ಎಂಬುದೂ ಗೊತ್ತಿತ್ತು. ಆದರೆ ನಡುವೆ ಒಂದು ಮಗ್ಗುಲು ತಪ್ಪಿ ಉಳಿದರೆ? ಪೆಟ್ರೋಲಿನಲ್ಲಿ ತೊಳೆದೆ. ಅವ್ವನ ಕಡೆಯಿಂದ ಬಿಳಿ ಬಟ್ಟೆ ಇಸಿದುಕೊಂಡು ಒರೆಸಿದೆ. ಮೊದಲ ಸಲ ಬಟ್ಟೆ ಕಪ್ಪಾಯಿತು. ಎರಡನೆಯ ಸಲ ಗಾಢ ಬೂದು. ಮೂರನೆಯ ಸಲ ತಿಳಿ ಬೂದು. ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು: "ದಿನ 40. ಮೂರನೇ ಒರೆಸು. ಬಟ್ಟೆ ಬೂದು. ಸಾಕು."

ಕಾರ್ಖಾನೆಯಲ್ಲಿ ಅಷ್ಟು ಬೂದು ಕಂಡರೆ ಚಪ್ಪಡಿಯನ್ನು ನಾನು ಪಾಸು ಮಾಡುವುದಿಲ್ಲ.

ಸಂಜೆ ಅಪ್ಪ ಕೇಳಿದ, "ತೊಳದೇನ?" ತೊಳೆದೆ ಎಂದೆ. ಯಾವುದರಲ್ಲಿ ಎಂದು ಅವನು ಕೇಳಲಿಲ್ಲ.

ಶನಿವಾರ ರಿಂಗಿನ ಸಂದು ಅಳೆದು, ಪಿಸ್ಟನ್ ಕೂರಿಸಿ, ಹೆಡ್ಡಿನ ನಟ್ಟುಗಳನ್ನು ಎದುರುಬದುರು ಬಿಗಿದೆ. ಹೊಸ ಎಂಜಿನ್ನಿಗೆಂದು ಲೀಟರ್ ಪೆಟ್ರೋಲಿಗೆ ಐವತ್ತು ಮಿಲಿ ಎಣ್ಣೆ. ಹದಿನೇಳನೇ ಒದೆತಕ್ಕೆ ಗಾಡಿ ಎದ್ದಿತು. ಹೊಗೆಯಲ್ಲಿ ಅವ್ವ ಸೆರಗು ಮೂಗಿಗೆ ಹಿಡಿದು ಹೊರಗೆ ಬಂದಳು. ಅಪ್ಪ ಕೈ ಚಾಚಿ ಆಕ್ಸಿಲರೇಟರ್ ಹಿಡಿದ. ಸ್ವಲ್ಪ ಏರಿಸಿದ, ಇಳಿಸಿದ, ಮತ್ತೆ ಏರಿಸಿದ.

"ದನಿ ಅದ ಐತಿ," ಎಂದ. ಹನ್ನೊಂದು ವರ್ಷದಲ್ಲಿ ಅವನ ಮುಖ ಹಾಗಿದ್ದದ್ದನ್ನು ನಾನು ನೋಡಿರಲಿಲ್ಲ. "ನಾಳೆ ಮೂರನೇ ಗೇರ್ ದಾಟಬ್ಯಾಡ. ಹತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಸು."

ಭಾನುವಾರ ಮುಂಜಾನೆ ಏಳಕ್ಕೆ ಹೊರಟೆ. ಹುನಗುಂದದಲ್ಲಿ ಚಾಚಾರ ಅಂಗಡಿ ಮುಚ್ಚಿತ್ತು. ಅದು ಮುಚ್ಚಿದ್ದು ನನಗೆ ಒಳ್ಳೆಯದೇ ಅನ್ನಿಸಿತು. ಅಮೀನಗಡದಲ್ಲಿ ಹತ್ತು ನಿಮಿಷ ನಿಲ್ಲಿಸಿದೆ, ಐಹೊಳೆಯಲ್ಲಿ ಹದಿನೈದು. ಎಂಜಿನ್ ಕೈ ಹಚ್ಚಲಾಗದಷ್ಟು ಕಾದಿತ್ತು. ಹೊಸದಲ್ಲವೇ ಎಂದುಕೊಂಡೆ. ಐಹೊಳೆ ದಾಟಿ ಪಟ್ಟದಕಲ್ಲಿನ ದಾರಿಯಲ್ಲಿ ಸದ್ದು ಬದಲಾಯಿತು. ಚಾಕು ಮಸೆದ ಹಾಗೆ ಒಂದು ತೆಳು ಶಬ್ದ ಒಳಗಿಂದ ಬರತೊಡಗಿತು. ಐವತ್ತನಾಲ್ಕನೇ ಕಿಲೋಮೀಟರಿಗೆ ಹಿಂದಿನ ಗಾಲಿ ಹಿಡಿದು ನಿಂತಿತು. ಕ್ಲಚ್ ಒತ್ತಿದ್ದರಿಂದ ನಾನು ಬೀಳಲಿಲ್ಲ. ರಸ್ತೆಯ ಮೇಲೆ ಟೈರಿನ ಕಪ್ಪು ಗೆರೆ ಹನ್ನೊಂದು ಹೆಜ್ಜೆ ಉದ್ದವಿತ್ತು.

ನಲವತ್ತು ನಿಮಿಷ ಆರಲು ಬಿಟ್ಟೆ. ಆಮೇಲೆ ಕಿಕ್ಕರ್ ಅರ್ಧ ಇಳಿಯಿತು. ಒಳಗೆ ಮರಳು ಅರೆಯುವ ಸದ್ದು ಬಂತು. ಮತ್ತೆ ಒದ್ದೆ, ಅಲ್ಲೇ ನಿಂತಿತು. ಅದರ ಮೇಲೆ ಪೂರಾ ಭಾರ ಬಿಟ್ಟು ನಿಂತುಕೊಂಡೆ. ಕಾಕಾ ಹೇಳಿದ್ದು ಸರಿಯಾಗಿತ್ತು, ಪಾವಟಿಗೆಯ ಹಾಗೆಯೇ ಇತ್ತು.

ಫೋನು ಮಾಡಿದ ಮೇಲೆ ಕಾಕಾ ಟೆಂಪೋ ತಂದ. ಹುಬ್ಬಳ್ಳಿಯವರೂ ಜೊತೆಗಿದ್ದರು. ಬಾದಾಮಿಯಲ್ಲಿ, ಕಾಕಾನ ಅಂಗಳದಲ್ಲಿ, ಅವರು ಅರ್ಧ ತಾಸಿನೊಳಗೆ ಹೆಡ್ಡು, ಸಿಲಿಂಡರ್ ಎರಡನ್ನೂ ಬಿಚ್ಚಿದರು. ಮೆದು ಮಾತಿನ ಮನುಷ್ಯ. ನನಗೆ ಬೈಯಲಿಲ್ಲ.

"ಹೊಸಾ ಪಿಸ್ಟನ್ನ ತಿಂದೈತಿ. ಬೋರ್ ಯಾರು ಕೊರದದ್ದು?"

"ಹುನಗುಂದದ ಲೇತಿನ ಚಾಚಾ," ಎಂದ ಕಾಕಾ.

"ಟೈಟ್ ಬಿಟ್ಟಾರ ನೋಡ್ರಿ. ಕೆಡಿಸಿಟ್ರು."

ನಾನು ಅಲ್ಲೇ ಇದ್ದೆ. ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕುತ್ತಿದ್ದೆ. ಹತ್ತರದು, ಹದಿನಾಲ್ಕರದು, ಹದಿನೇಳರದು. ಮೂರನ್ನೂ ಒರೆಸಿ ಮುಗಿಯುವವರೆಗೆ ಪುಡಿಯ ಮಾತು ಹೇಳಲು ಸಮಯವಿತ್ತು. ಹೇಳಲಿಲ್ಲ.

ಕಾಕಾ ಸಿಲಿಂಡರಿನ ಫೋಟೊ ತೆಗೆದು ಹಳೆಯ ಗಾಡಿಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಜೊತೆಗೆ ಧ್ವನಿ ಸಂದೇಶ: "ಹುನಗುಂದದ ಲೇತಿಗೆ ಯಾರೂ ಬೋರ್ ಕೊಡಬ್ಯಾಡ್ರೆಪಾ. ಮುದುಕಗ ಕಣ್ಣು ಕಾಣಂಗಿಲ್ಲ. ನಮ್ಮ ಗಾಡಿ ಹಾಳ ಮಾಡ್ಯಾನ."

ಹೊರಡುವಾಗ ಹುಬ್ಬಳ್ಳಿಯವರು ಕೇಳಿದರು. "ಇಷ್ಟ್ಯಾಕ ಅವಸರ ಮಾಡಿದಿ ತಂಗಿ? ನಾ ಇವತ್ತ ಬರೇ ನೋಡಾಕ ಬಂದಿದ್ದೆ. ಒಯ್ಯೂದು ಮುಂದಿನ ತಿಂಗಳಿತ್ತು." ಕಾಕಾ ಫೋನು ನೋಡುತ್ತಿದ್ದ.

ಹೇಗೂ ನಿಂತ ಗಾಡಿ ಎಂದು ಮುಂದಿನ ತಿಂಗಳಿನವರೆಗೆ ಯಾರೂ ಕಾಯಲಿಲ್ಲ. ಅದೇ ಟೆಂಪೋ ಅದನ್ನು ಹುಬ್ಬಳ್ಳಿಗೆ ಒಯ್ದಿತು. ನಾನು ಸ್ಪ್ಯಾನರ್ ಚೀಲ ಹಿಡಿದು ಬಸ್ಸಿನಲ್ಲಿ ಇಳಕಲ್ಲಿಗೆ ಬಂದೆ. ಅಪ್ಪ ಬಾಗಿಲಲ್ಲೇ ಕೂತಿದ್ದ.

"ಪೆಟ್ರೋಲಿಲೆ ತೊಳದಿದ್ದೆ," ಎಂದೆ. ಅಪ್ಪ ಎದ್ದು ಒಳಗೆ ಹೋದ. ಒಂದು ವಾರ ನನ್ನ ಜೊತೆ ಊಟ, ನೀರು, ಔಷಧಿ, ಇಷ್ಟೇ ಮಾತಾಡಿದ.

ಐವತ್ತೊಂದನೇ ದಿನ ರಜೆ ಹಾಕಿ ಹುನಗುಂದಕ್ಕೆ ಹೋದೆ. ಲೇತ್ ನಿಂತಿತ್ತು. ಚಾಚಾ ಸ್ಟೂಲಿನ ಮೇಲೆ ಕೂತು ಹಳೆಯ ಬೋಲ್ಟುಗಳನ್ನು ಅಳತೆಯ ಪ್ರಕಾರ ಬೇರ್ಪಡಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ: ಪುಡಿ, ಉರುಳೆ, ಪೆಟ್ರೋಲು, ಬಟ್ಟೆ.

"ಗೊತ್ತೈತಿ," ಎಂದರು ಬೋಲ್ಟಿನಿಂದ ಕಣ್ಣೆತ್ತದೆ. "ಫೋಟೊ ನನಗೂ ಬಂತು. ಅದರಾಗ ಅಡ್ಡಗೆರಿ ಅದಾವ. ನಾ ಹೋನಿಂಗ ಮಾಡಿಲ್ಲಂದ ಮ್ಯಾಲ ಆ ಗೆರಿ ಯಾರು ಹಾಕಿದ್ರು?"

"ಮತ್ತ ನೀವ್ಯಾಕ ಗುಂಪಿನ್ಯಾಗ ಹೇಳಲಿಲ್ಲ?"

"ಏನಂತ ಹೇಳ್ಲಿ? ಗೆಳೆಯನ ಮಗಳು ಮಾಡ್ಯಾಳ ಅಂತನಾ? ನಿಮ್ಮ ಕಾಕಾಗ ಹೇಳಿಯೇನ?"

"ಇನ್ನಾ ಇಲ್ರಿ."

"ಮತ್ತ ನನಗ್ಯಾಕ ಹೇಳ್ತಿ? ನನಗ ಗೊತ್ತಿದ್ದದ್ದ."

ಅವರ ಎದುರಿಗೇ ಕಾಕಾಗೆ ಫೋನು ಹಚ್ಚಿದೆ, ಸ್ಪೀಕರಿನಲ್ಲಿಟ್ಟೆ. ಎಲ್ಲ ಕೇಳಿ ಕಾಕಾ ನಕ್ಕ. "ಈಗ್ಯಾಕ ಬಿಡವಾ? ಗಾಡಿ ಹೋತು."

"ಗುಂಪಿನ್ಯಾಗ ಹಾಕು ಕಾಕಾ. ನಂದ ತಪ್ಪು ಅಂತ ಹಾಕು. ನಾ ಮಾತಾಡಿ ಕಳಸ್ತೇನಿ."

"ಹುಚ್ಚು ಹಿಡದೈತೇನ ನಿನಗ? ಮನಿ ಹೆಣ್ಮಗಳ ಹೆಸರು ಅಷ್ಟು ಮಂದಿ ಗಂಡಸರ ನಡುವ ಹಾಕಂಗಿಲ್ಲ ನಾ. ಆ ಮುದುಕಗೇನು ಆಗಂಗಿಲ್ಲ, ಎರಡು ದಿನ ಮಂದಿ ಅಂತಾರ, ಬಿಡ್ತಾರ." ಫೋನು ಇಟ್ಟ.

ಚಾಚಾ ಇನ್ನೊಂದು ಬೋಲ್ಟು ತೆಗೆದು ಡಬ್ಬಿಗೆ ಹಾಕಿದರು. ನಾನು ನೋಟ್‌ಬುಕ್ ತೆರೆದು ನಲವತ್ತನೇ ದಿನದ ಪುಟ ಅವರ ಮುಂದೆ ಹಿಡಿದೆ. ಯಾಕೆ ಹಿಡಿದೆನೋ ಗೊತ್ತಿಲ್ಲ. ಅವರು ಕನ್ನಡಕ ಹಾಕಿಕೊಂಡು, ಪೂರಾ ಓದಿದರು.

"ಗೊತ್ತಿಲ್ಲದ ಮಾಡಿದ್ರ ಬ್ಯಾರೆ. ನೀ ಬರದಿಟ್ಟು ಮಾಡೀದಿ," ಎಂದರು. ಆಮೇಲೆ ಎದ್ದು, ಮೇಜಿನ ಕೆಳಗಿನಿಂದ ಕಾಗದ ಸುತ್ತಿದ ಒಂದು ವಸ್ತು ತೆಗೆದು ನನ್ನ ಕೈಗಿಟ್ಟರು. ಅಳತೆಗೆಂದು ನಾನು ಮೊದಲ ಸಲ ಬಂದಾಗ ಕೊಟ್ಟು ಹೋಗಿದ್ದ, ಅಪ್ಪನ ಕಾಲದ ಸೀಳಿದ ಪಿಸ್ಟನ್. "ಇದು ನಿಮ್ಮದು. ನನ್ನ ಕಡೆ ಯಾಕ?"

ಮನೆಗೆ ತಂದು ಅಪ್ಪನ ಮುಂದಿಟ್ಟೆ. ಗಾಡಿಯದೆಂದು ನಮ್ಮ ಮನೆಯಲ್ಲಿ ಉಳಿದದ್ದು ಅದೊಂದೇ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಅವ್ವನಿಗೆ ನೀರು ಕಾಯಿಸಲು ಹೇಳಿದ. ಅಂಗಳದ ಬಚ್ಚಲ ಕಲ್ಲಿನ ಹತ್ತಿರ ಕೂತು, ಸೋಪು ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿದ. ನಡುನಡುವೆ ಉಸಿರಿಗಾಗಿ ನಿಲ್ಲಿಸುತ್ತಿದ್ದ. ತೊಳೆದು ಒರೆಸಿ ಬಟ್ಟೆ ನೋಡಿ, ಮತ್ತೆ ತೊಳೆದ. ನಾನು ಹತ್ತಿರ ಹೋದರೆ ಕೈಯಲ್ಲೇ ಬೇಡ ಎಂದ. ಐದನೆಯ ಸಲ ಒರೆಸಿ ಬಟ್ಟೆಯನ್ನು ಬಿಡಿಸಿ ನನ್ನ ಕಡೆ ತಿರುಗಿಸಿ ಹಿಡಿದ. ಬಿಳಿ ಇತ್ತು.

ಐದು ಸಲ ತೊಳೆಯಲು ಇಪ್ಪತ್ತೆರಡು ನಿಮಿಷ ಹಿಡಿದಿತ್ತು. ಬರೆದುಕೊಂಡೆ.